ಅದು ಆಣಿಯೇ?

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಾನು ಬರೆದಷ್ಟು ಮಚ್ಚೆಗಳನ್ನು ಯಾವ ಜ್ಯೋತಿಷಿಯೂ ಬರೆದಿರಲಾರ. ಹೆಬ್ಬೆಟ್ಟು ಒತ್ತುವ ಗಿರಾಕಿ ಖಾತೆ ತೆರೆಯಲು ಬಂದರೆ ಫೋಟೊ ಅಂಟಿಸಿಕೊಂಡು, ಪಕ್ಕದಲ್ಲಿ ಮೈಮೇಲಿನ ಗುರುತು ಬರೆದುಕೊಳ್ಳಬೇಕಿತ್ತು. ‘ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ’, ‘ಬಲ ಮೊಣಕೈ ಬಳಿ ಸುಟ್ಟ ಕಲೆ’, ‘ಹಣೆಯ ಮೇಲೆ ಗಾಯದ ಗುರುತು’. ಪಿಂಚಣಿ ಕಾಗದದಲ್ಲೂ ಅದೇ ಕಥೆ. ಸಹಿ ಬದಲಾಗಬಹುದು, ಮುಖ ಸುಕ್ಕಾಗಬಹುದು, ಮಚ್ಚೆ ಮಾತ್ರ ಇದ್ದಲ್ಲೇ ಇದ್ದ ಹಾಗೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಆ ಲೆಕ್ಕವೆಲ್ಲ ನಿಂತಿತ್ತು. ನೂರಕ್ಕೆ ತೊಂಬತ್ತೊಂಬತ್ತು ಸಲ ಆ ನಂಬಿಕೆ ಸರಿಯೇ. ಈ ವಾರ ಹೇಳಲು ಹೊರಟಿರುವುದು ಉಳಿದ ಒಂದರ ವಿಷಯ.

ನಮ್ಮ ಕೊಳಾಲದ ಎಂಟನೇ ತರಗತಿ ಹುಡುಗನೊಬ್ಬ ಕೇಳಿದ: ‘ತಾತ, ಮೈಮೇಲೆ ಗಂಟು ಎದ್ರೆ ಅದೆಲ್ಲಾ ಕ್ಯಾನ್ಸರಾ?’ ಅವನ ಅಜ್ಜಿಯ ಕತ್ತಿನ ಸುತ್ತ ಸಣ್ಣ ಸಣ್ಣ ನರಹುಲಿಯಂಥವು ಎದ್ದಿವೆಯಂತೆ, ಹುಡುಗನಿಗೆ ಅದೇ ಚಿಂತೆ. ಇಲ್ಲ ಮಗು, ಅಲ್ಲ. ಚರ್ಮದ ಮೇಲೆ ಏಳುವ ಗಂಟುಗಳಲ್ಲಿ ಬಹುಪಾಲು ಸಾಧುಗಳು. ವಯಸ್ಸಾದವರ ಕತ್ತಿನಲ್ಲಿ ಜೋತುಬೀಳುವ ಚರ್ಮದ ಕುಡಿಗಳು, ಬೆನ್ನಿನ ಮೇಲೆ ಮೇಣ ಮೆತ್ತಿದ ಹಾಗೆ ಕಾಣುವ ಕಂದು ಕಲೆಗಳು, ತೋಳಿನಲ್ಲಿ ಬೆರಳಿಗೆ ಜಾರುವ ಕೊಬ್ಬಿನ ಗಡ್ಡೆ, ಮಕ್ಕಳ ಕೈಯಲ್ಲಿ ವೈರಸ್ಸಿನಿಂದ ಏಳುವ ನರಹುಲಿ, ಇವು ಯಾವುವೂ ಕ್ಯಾನ್ಸರ್ ಅಲ್ಲ. ಭಾರತದಲ್ಲಿ ಕ್ಯಾನ್ಸರ್ ಬಂದವರಲ್ಲಿ ಚರ್ಮದ ಕ್ಯಾನ್ಸರಿನವರು ನೂರಕ್ಕೆ ಒಬ್ಬರೋ ಇಬ್ಬರೋ. ನಮ್ಮ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಬಿಸಿಲಿಗೆ ಹಿಡಿದ ಕೊಡೆಯಿದ್ದ ಹಾಗೆ. ಬಿಳಿಯರಿಗೆ ಆ ಕೊಡೆ ತೆಳು. ಆದ್ದರಿಂದಲೇ ಆಸ್ಟ್ರೇಲಿಯದಂಥ ದೇಶದಲ್ಲಿ ಈ ಕಾಯಿಲೆ ಮನೆಮಾತು, ನಮ್ಮಲ್ಲಿ ಅಪರೂಪ.

ಅಪರೂಪ ಎಂಬುದೇ ನಮಗೆ ತೊಂದರೆಯೂ ಆಗಿದೆ. ಅಪರೂಪದ್ದನ್ನು ಯಾರೂ ಹುಡುಕುವುದಿಲ್ಲ. ಬಿಸಿಲೇ ಕಾಣದ ಅಂಗಾಲಿಗೆ, ಅಂಗೈಗೆ, ಉಗುರಿನ ಬುಡಕ್ಕೆ ಬಿಸಿಲಿನ ಕೊಡೆ ಇದ್ದರೇನು, ಇಲ್ಲದಿದ್ದರೇನು? ಮೆಲನೋಮ ಎಂಬ ಕೆಟ್ಟ ಜಾತಿಯ ಚರ್ಮದ ಕ್ಯಾನ್ಸರ್ ನಮ್ಮಂಥ ಬಣ್ಣದವರಲ್ಲಿ ಬಂದರೆ ಹೆಚ್ಚಾಗಿ ಬರುವುದು ಅಲ್ಲೇ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಯ ಹೆಸರು ನಿಮ್ಮ ಮನೆಯ ಕಾಲೇಜು ಹುಡುಗರಿಗೆ ಗೊತ್ತಿರುತ್ತದೆ. ಅವನ ಕಾಲಿನ ಹೆಬ್ಬೆರಳ ಉಗುರಿನಡಿ ಕಪ್ಪಾಗಿದ್ದನ್ನು ಫುಟ್ಬಾಲ್ ಆಟದ ಪೆಟ್ಟು ಎಂದುಕೊಂಡಿದ್ದರು. ಅದು ಮೆಲನೋಮ ಎಂದು 1977ರಲ್ಲಿ ತಿಳಿಯಿತು. 1981ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 36 ವರ್ಷ.

ಅಷ್ಟು ದೂರ ಹೋಗುವುದು ಬೇಡ. ನಮ್ಮ ಹಿಂದಿನ ಬೀದಿಯಲ್ಲಿ ಅಡಿಕೆ ತೋಟದ ಹಿರಿಯರೊಬ್ಬರಿದ್ದಾರೆ. ಹೆಸರು ಬೇಡಪ್ಪಾ ಅಂದಿದ್ದಾರೆ, ಬರೆಯುವುದಿಲ್ಲ. ಎಡ ಹಿಮ್ಮಡಿಯ ಪಕ್ಕ ಗಟ್ಟಿಯಾಗಿ ಒಂದು ಚುಕ್ಕೆ ಎದ್ದಿತ್ತು. ಚಪ್ಪಲಿ ಕಾಣದ ಕಾಲು, ಆಣಿ ಎಂದುಕೊಂಡರು. ಬ್ಲೇಡಿನಲ್ಲಿ ಹೆರೆದರು, ಸುಣ್ಣ ಬೆಲ್ಲ ಕಲಸಿ ಹಚ್ಚಿದರು, ಹೀಗೇ ವರ್ಷ ಕಳೆಯಿತು. ರಜೆಗೆ ಬಂದ ಏಳನೇ ತರಗತಿ ಮೊಮ್ಮಗಳು ಕಾಲಿಗೆ ಹರಳೆಣ್ಣೆ ತಿಕ್ಕುತ್ತಾ ಕೇಳಿದ್ದು ಒಂದೇ ಮಾತು: ‘ತಾತ, ಆಣಿ ಸುತ್ತ ಶಾಯಿ ಚೆಲ್ಲಿದಂಗೆ ಕಪ್ಪಾಗೈತಲ್ಲ, ಹೋದ್ಸಲ ಇರ್ಲಿಲ್ವಲ್ಲ?’ ಆಣಿ ಹಳದಿಯಾಗಿರುತ್ತದೆ, ಗಾಜಿನಂತಿರುತ್ತದೆ, ಒತ್ತಿದರೆ ನೋಯುತ್ತದೆ. ಸುತ್ತಲೂ ಶಾಯಿ ಚೆಲ್ಲುವುದಿಲ್ಲ. ಮಗ ತುಮಕೂರಿಗೆ ಕರೆದುಕೊಂಡು ಹೋದ. ಚರ್ಮದ ವೈದ್ಯರು ಭೂತಕನ್ನಡಿಯಂಥ ದೀಪದ ಉಪಕರಣ ಇಟ್ಟು ನೋಡಿ, ‘ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ’ ಎಂದರು.

ಆ ಚೂರು ಎಂಬ ಮಾತಿಗೇ ನಮ್ಮವರು ಹೆದರುವುದು. ‘ಕತ್ತಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತೆ’ ಎಂದು ಅರಳಿಕಟ್ಟೆಯಲ್ಲಿ ಕೂತು ಹೇಳುವವರಿಗೆ ಬರವಿಲ್ಲ. ಚರ್ಮದಿಂದ ಪರೀಕ್ಷೆಗೆ ತೆಗೆಯುವ ಚೂರಿನಿಂದ ಕ್ಯಾನ್ಸರ್ ಹರಡುವುದಿಲ್ಲ. ಹರಡುವುದು, ಚೂರು ತೆಗೆಯದೆ ಕಳೆದ ತಿಂಗಳುಗಳಲ್ಲಿ. ಹಿಂದೆ ಬಸ್ ಕಂಡಕ್ಟರು ಟಿಕೆಟ್ಟಿಗೆ ತೂತು ಹೊಡೆಯುತ್ತಿದ್ದುದು ತಾತಂದಿರಿಗೆ ನೆನಪಿರಬೇಕು. ಅಂಥದೇ ದುಂಡು ಬಾಯಿಯ ಪುಟ್ಟ ಕತ್ತಿ, ಮೂರು ನಾಲ್ಕು ಮಿಲಿಮೀಟರ್ ಅಗಲದ್ದು. ಮರವುಗೊಳಿಸುವ ಸೂಜಿಮದ್ದು ಕೊಟ್ಟು ಒತ್ತಿ ತಿರುಗಿಸಿದರೆ ಒಂದು ಕಾಳಿನಷ್ಟು ಚರ್ಮ ಬರುತ್ತದೆ. ಇದಕ್ಕೆ ಪಂಚ್ ಬಯಾಪ್ಸಿ ಎನ್ನುತ್ತಾರೆ. ಇಡೀ ಮಚ್ಚೆಯನ್ನೇ ತೆಗೆದು ಕಳಿಸುವುದೂ ಉಂಟು. ಯಾವುದು ಎಂಬುದು ವೈದ್ಯರ ತೀರ್ಮಾನ.

ಆ ಕಾಳು ಎಲ್ಲಿಗೆ ಹೋಗುತ್ತದೆ? ಮಕ್ಕಳಿಗೆ ಇದು ಇಷ್ಟವಾಗುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲು ಕೊಳೆಯದಂತೆ ಫಾರ್ಮಲಿನ್ ದ್ರವದ ಸೀಸೆಗೆ. ಅಲ್ಲಿಂದ ಪ್ರಯೋಗಾಲಯದಲ್ಲಿ ಆಲ್ಕೊಹಾಲಿನಲ್ಲಿ ನೆನೆಸಿ ಅದರೊಳಗಿನ ನೀರನ್ನೆಲ್ಲ ತೆಗೆಯುತ್ತಾರೆ, ನೀರಿದ್ದ ಜಾಗಕ್ಕೆ ಕರಗಿದ ಮೇಣ ತುಂಬುತ್ತಾರೆ. ತಣ್ಣಗಾದ ಮೇಲೆ ಅದು ಮೇಣದ ಗಟ್ಟಿ. ಚರ್ಮದ ಚೂರು ಅದರೊಳಗೆ ಬರ್ಫಿಯೊಳಗಿನ ಗೋಡಂಬಿಯಂತೆ ಕೂತಿರುತ್ತದೆ. ಮೈಕ್ರೊಟೋಮ್ ಎಂಬ ಯಂತ್ರ ಆ ಗಟ್ಟಿಯನ್ನು ಹೆರೆಯುತ್ತದೆ. ಒಂದೊಂದು ಹೆರೆ ಎಷ್ಟು ದಪ್ಪ ಗೊತ್ತೆ? ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ನಾಲ್ಕೈದು ಭಾಗ. ನಿಮ್ಮ ತಲೆಯ ಒಂದು ಕೂದಲನ್ನು ಉದ್ದಕ್ಕೆ ಹದಿನೈದು ಸೀಳು ಮಾಡಿದರೆ ಎಷ್ಟಾಗುತ್ತದೋ ಹೆಚ್ಚುಕಮ್ಮಿ ಅಷ್ಟು. ಆ ಹೆರೆಯನ್ನು ಬೆಚ್ಚನೆ ನೀರಿನ ಮೇಲೆ ತೇಲಿಸಿ ಗಾಜಿನ ಪಟ್ಟಿಗೆ ಎತ್ತಿಕೊಳ್ಳುತ್ತಾರೆ.

ಬಣ್ಣವಿಲ್ಲದೆ ಏನೂ ಕಾಣದು. ಅದಕ್ಕೆ ಎರಡು ಬಣ್ಣ. ಒಂದು ಹಿಮಟಾಕ್ಸಿಲಿನ್, ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬಂದದ್ದು. ಜೀವಕೋಶದ ಬೀಜದಂಥ ನಡುಭಾಗಕ್ಕೆ, ಅಂದರೆ ಕೋಶಕೇಂದ್ರಕ್ಕೆ, ನೀಲಿ ಹಿಡಿಸುತ್ತದೆ. ಇನ್ನೊಂದು ಇಯೊಸಿನ್. ಗ್ರೀಕರ ಉಷಾದೇವಿ ಇಯೊಸಳ ಹೆಸರಿನದು, ಮುಂಜಾವಿನ ಗುಲಾಬಿಯನ್ನು ಉಳಿದ ಭಾಗಕ್ಕೆ ಬಳಿಯುತ್ತದೆ. ನೂರು ವರ್ಷಕ್ಕೂ ಹಿಂದಿನ ಈ ಜೋಡಿ ಬಣ್ಣವನ್ನು ಇಂದಿಗೂ ಪ್ರಪಂಚದ ಆಸ್ಪತ್ರೆಗಳೆಲ್ಲ ಬಳಸುತ್ತವೆ.

ಸೂಕ್ಷ್ಮದರ್ಶಕದ ಮುಂದೆ ಕೂರುವವರು ಪೆಥಾಲಜಿಸ್ಟ್, ರೋಗಲಕ್ಷಣ ತಜ್ಞರು. ರೋಗಿ ಇವರ ಮುಖವನ್ನು ನೋಡಿರುವುದಿಲ್ಲ. ನಮ್ಮ ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ನೋಡಿ ಕೌಂಟರಿನಲ್ಲಿ ಅನುಮಾನ ಬಂದರೆ ಒಳಗೆ ಅಧಿಕಾರಿಯ ಮೇಜಿಗೆ ಹೋಗುತ್ತಿತ್ತು. ಅವರು ನಮೂನೆ ಸಹಿಯ ಕಾರ್ಡು ತೆಗೆದು ಪಕ್ಕದಲ್ಲಿಟ್ಟು ಗೆರೆಗೆ ಗೆರೆ ತಾಳೆ ನೋಡುತ್ತಿದ್ದರು. ಇವರದೂ ಆ ಕೆಲಸವೇ. ಆರೋಗ್ಯವಾದ ಚರ್ಮದಲ್ಲಿ ಜೀವಕೋಶಗಳು ಸಾಲಾಗಿ, ಅಡಿಯಲ್ಲಿ ಒಂದು ತೆಳು ಪೊರೆಯ ಮೇಲೆ ನಿಂತಿರುತ್ತವೆ. ಹೊಲಕ್ಕೆ ಬದು ಇದ್ದ ಹಾಗೆ ಅದು. ಕ್ಯಾನ್ಸರಿನಲ್ಲಿ ಕೋಶಕೇಂದ್ರಗಳು ದಪ್ಪಗಾಗಿ, ಕಪ್ಪಾಗಿ, ಒಂದಕ್ಕೊಂದು ಹೋಲದಂತಾಗುತ್ತವೆ. ಮುಖ್ಯ ಪ್ರಶ್ನೆ: ಬದು ದಾಟಿವೆಯೋ ಇಲ್ಲವೋ? 1912ರಲ್ಲಿ ಬಾಸ್ಟನ್ನಿನ ಜಾನ್ ಬೋವೆನ್ ಎಂಬ ವೈದ್ಯರು, ಮೇಲ್ಪದರದಲ್ಲೇ ಕೆಟ್ಟು ಇನ್ನೂ ಬದು ದಾಟದ ಚರ್ಮದ ರೋಗವನ್ನು ವಿವರಿಸಿದರು. ಅದಕ್ಕೆ ಇಂದಿಗೂ ಬೋವೆನ್ನರ ರೋಗ ಎಂದೇ ಹೆಸರು. ಆ ಹಂತದಲ್ಲಿ ಸಿಕ್ಕರೆ ಪೂರ್ತಿ ವಾಸಿ ಮಾಡಬಹುದು.

ಬದು ದಾಟಿದ್ದರೆ ಮುಂದಿನ ಪ್ರಶ್ನೆ, ಎಷ್ಟು ಆಳಕ್ಕೆ? ಇದನ್ನು ಲೆಕ್ಕಕ್ಕೆ ತಂದವರು ವಾಷಿಂಗ್ಟನ್ನಿನ ಪೆಥಾಲಜಿಸ್ಟ್ ಅಲೆಕ್ಸಾಂಡರ್ ಬ್ರೆಸ್ಲೊ. ಸೂಕ್ಷ್ಮದರ್ಶಕದ ಕಣ್ಣಿನಲ್ಲಿ ಸಣ್ಣ ಅಳತೆಪಟ್ಟಿ ಇಟ್ಟು 98 ಮೆಲನೋಮಗಳ ದಪ್ಪ ಅಳೆದರು, 1970ರಲ್ಲಿ ಪ್ರಕಟಿಸಿದರು. 0.76 ಮಿಲಿಮೀಟರಿಗಿಂತ ತೆಳುವಾಗಿದ್ದವು ಬೇರೆ ಕಡೆಗೆ ಹರಡಿರಲಿಲ್ಲ. ದಪ್ಪ ಹೆಚ್ಚಿದಷ್ಟೂ ಅಪಾಯ ಹೆಚ್ಚು. ದೊಡ್ಡ ಸಿದ್ಧಾಂತವೇನಲ್ಲ, ಸ್ಕೇಲು ಹಿಡಿದು ಅಳೆದದ್ದು. ಲೆಕ್ಕದ ಮನುಷ್ಯನಾದ ನನಗೆ ಈ ಕೆಲಸದ ಮೇಲೆ ತುಂಬಾ ಗೌರವ. ಈಗಲೂ ಮೆಲನೋಮ ವರದಿಯಲ್ಲಿ ‘ಬ್ರೆಸ್ಲೊ ದಪ್ಪ ಇಷ್ಟು’ ಎಂದು ಬರೆಯುತ್ತಾರೆ. ನಮ್ಮ ಹಿರಿಯರ ವರದಿಯಲ್ಲಿ 0.9 ಮಿಲಿಮೀಟರ್ ಎಂದಿತ್ತು. ಬೆಂಗಳೂರಿನಲ್ಲಿ ಹಿಮ್ಮಡಿಯ ಆ ಭಾಗವನ್ನು ಅಗಲವಾಗಿ ತೆಗೆದು, ತೊಡೆಯ ಚರ್ಮ ಹಾಕಿ ಮುಚ್ಚಿದರು. ಮೂರು ವರ್ಷವಾಯಿತು. ಮೆತ್ತನೆ ಚಪ್ಪಲಿ ಹಾಕಿಕೊಂಡು ತೋಟಕ್ಕೆ ಹೋಗುತ್ತಾರೆ, ಆ ಚಪ್ಪಲಿಯನ್ನು ದಿನಾ ಬೈಯುತ್ತಾರೆ.

ಇನ್ನು ನಮ್ಮ ರಾಜ್ಯದ್ದೇ ಒಂದು ಊರಿನ ವಿಷಯ. ಅಲ್ಲೂ ಜನ ‘ಆಣಿ’ ಎಂದುಕೊಂಡದ್ದು ಬೇರೆಯೇ ಆಗಿತ್ತು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಇದೆ. ಹತ್ತಿರದಲ್ಲೇ ಮುಚ್ಚಿಹೋದ ಮಂಗಳೂರು ಚಿನ್ನದ ಗಣಿ. (ಸಮುದ್ರದ ಮಂಗಳೂರಲ್ಲ ಮಕ್ಕಳೇ, ಇದು ಆ ಕಡೆಯ ಹಳ್ಳಿ.) ಅಲ್ಲಿಯ ಜನರ ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟುಗಳು, ಮೈಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳು. ಕಾರಣ ನೀರು. ಚಿನ್ನ ಇರುವ ಬಂಡೆಯಲ್ಲಿ ಆರ್ಸೆನಿಕ್, ನಮ್ಮ ಹಿರಿಯರ ಪಾಷಾಣ, ಜೊತೆಯಲ್ಲೇ ಇರುವುದುಂಟು. ಅದು ನೀರಿಗೆ ಸೇರಿದರೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಕುಡಿದವರ ಚರ್ಮದಲ್ಲಿ ಮೊದಲು ಇಂಥ ಗಂಟುಗಳು, ಅವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್. ಪಾಷಾಣಕ್ಕೂ ಚರ್ಮದ ಕ್ಯಾನ್ಸರಿಗೂ ನಂಟಿದೆ ಎಂದು 1887ರಷ್ಟು ಹಿಂದೆಯೇ ಲಂಡನ್ನಿನ ಜೊನಾಥನ್ ಹಚಿನ್ಸನ್ ಬರೆದಿದ್ದರು. ಆಗ ಅದನ್ನು ಔಷಧಿಯಾಗಿ ಕುಡಿಸುತ್ತಿದ್ದರು!

ಪಶ್ಚಿಮ ಬಂಗಾಳದ ಪಾಷಾಣದ ನೀರಿನ ಮೇಲೆ ಬಹುಕಾಲ ದುಡಿದಿದ್ದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಮಂಗಳೂರು ಗಣಿ ಸೀಮೆಯನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. 59 ಕೊಳವೆ ಬಾವಿ ನೀರಿನ ಮಾದರಿಗಳಲ್ಲಿ ನೂರಕ್ಕೆ 79ರಲ್ಲಿ ಮಿತಿ ಮೀರಿದ ಆರ್ಸೆನಿಕ್. ಮಿತಿ ಎಂದರೆ ಲೀಟರಿಗೆ 10 ಮೈಕ್ರೊಗ್ರಾಂ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್ ನೀರಿಗೆ ಒಂದು ಗ್ರಾಂ. ಅಲ್ಲಿ ಅತಿ ಹೆಚ್ಚೆಂದರೆ ಸಿಕ್ಕಿದ್ದು 303 ಮೈಕ್ರೊಗ್ರಾಂ, ಮಿತಿಯ ಮೂವತ್ತು ಪಟ್ಟು. 171 ಜನರ ಕೂದಲು, ಉಗುರು ಪರೀಕ್ಷಿಸಿದರು, ಒಬ್ಬರದೂ ಸರಿಯಿರಲಿಲ್ಲ. ಚರ್ಮ ನೋಡಿದ 181 ಜನರಲ್ಲಿ 106 ಮಂದಿಗೆ ಪಾಷಾಣದ ಗುರುತು.

ನಾನು ಈ ಲೆಕ್ಕದಲ್ಲಿ ಹೆಚ್ಚು ಹೊತ್ತು ನಿಂತದ್ದು ಕೊನೆಯ ಅಂಕಿಯ ಮುಂದೆ. ಅನುಮಾನ ಬಂದ ನಾಲ್ವರ ಚರ್ಮದಿಂದ ಪಂಚ್ ಬಯಾಪ್ಸಿ ತೆಗೆದರು. ಸೂಕ್ಷ್ಮದರ್ಶಕ ಮೂವರಲ್ಲಿ ಹೌದು ಎಂದಿತು, ನಾಲ್ಕನೆಯವರಲ್ಲಿ ಹೌದು ಎನ್ನಲಿಲ್ಲ. ಜೀವಮಾನವೆಲ್ಲ ಇದನ್ನೇ ನೋಡಿದ ತಜ್ಞರ ಕಣ್ಣಿಗೂ ನಾಲ್ಕೂ ಒಂದೇ ಥರ ಕಂಡಿದ್ದವು. ಹಾಗಿದ್ದಮೇಲೆ ನಮ್ಮ ಪಕ್ಕದ ಮನೆಯವರು ‘ಏ, ಅದು ಬರೀ ಆಣಿ ಬಿಡು’ ಎನ್ನುವುದಕ್ಕಾಗಲಿ, ‘ಅಯ್ಯೋ, ಅದು ಕ್ಯಾನ್ಸರೇ’ ಎನ್ನುವುದಕ್ಕಾಗಲಿ ಎಷ್ಟು ಬೆಲೆ?

ನಮ್ಮ ಕೊಳಾಲ, ಮಧುಗಿರಿ, ಸಿರಾ, ಪಾವಗಡದ ಕಡೆ ಕೊಳವೆ ಬಾವಿಯ ತಂಟೆ ಎಂದರೆ ಫ್ಲೋರೈಡ್. ಅದು ಕೆಡಿಸುವುದು ಹಲ್ಲು, ಮೂಳೆ. ಚರ್ಮದ ಕ್ಯಾನ್ಸರಿಗೂ ಅದಕ್ಕೂ ಸೇರಿಸಬೇಡಿ. ಯಾದಗಿರಿಯ ಕಥೆ ಓದಿ ನಮ್ಮ ನೀರಿಗೂ ಗಾಬರಿಯಾಗುವುದು ಬೇಡ.

ಗಾಬರಿ ಬೇಡ ಎಂದರೂ, ಉಡುವ ಬಟ್ಟೆಯ ವಿಷಯ ಮಾತ್ರ ನಮ್ಮೆಲ್ಲರದು. 1945ರಲ್ಲಿ ಬೊಂಬಾಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್, ಭಾರತದ ರೋಗಶಾಸ್ತ್ರದ ಪಿತಾಮಹ ಎನಿಸಿಕೊಂಡವರು, ಸಹೋದ್ಯೋಗಿ ಸೂರ್ಯಾಬಾಯಿಯವರ ಜೊತೆ ‘ಧೋತಿ ಕ್ಯಾನ್ಸರ್’ ಎಂಬುದನ್ನು ವಿವರಿಸಿದರು. ಪಂಚೆಯನ್ನು ವರ್ಷಾನುಗಟ್ಟಲೆ ಸೊಂಟದ ಒಂದೇ ಜಾಗದಲ್ಲಿ ಬಿಗಿದು, ಅಲ್ಲಿ ಉಜ್ಜಿ ಉಜ್ಜಿ, ಚರ್ಮ ಕಪ್ಪಾಗಿ ದಪ್ಪಗಾಗಿ, ಹುಣ್ಣಾಗಿ, ಕಡೆಗೆ ಕೆಲವರಲ್ಲಿ ಕ್ಯಾನ್ಸರ್. ಸೀರೆಯೊಳಗಿನ ಲಂಗದ ಲಾಡಿಯಿಂದಲೂ ಹೀಗಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು ವರದಿ ಮಾಡಿದ್ದಾರೆ. ತೀರಾ ವಿರಳ, ನಿಜ. ಆದರೆ ಲಾಡಿಯನ್ನು ಸ್ವಲ್ಪ ಸಡಿಲ ಮಾಡಿ, ಅಥವಾ ಎರಡು ಬೆರಳು ಮೇಲೆ ಕೆಳಗೆ ಮಾಡಿ ಕಟ್ಟಿದರೆ ಅಜ್ಜಿಯರಿಗೆ ಕಾಸಿನ ಖರ್ಚೂ ಇಲ್ಲ. ಸೊಂಟದ ಆ ಗೆರೆಯಲ್ಲಿ ಮಾಯದ ಹುಣ್ಣಿದ್ದರೆ ತೋರಿಸಿ. ನಾಚಿಕೆಯಿಂದ ಮುಚ್ಚಿಟ್ಟರೆ ಯಾರಿಗೂ ಕಾಣುವ ಜಾಗವಲ್ಲ ಅದು.

ಹಳೆಯ ಸುಟ್ಟ ಕಲೆಯೂ ಹಾಗೇ. ಚಿಕ್ಕಂದಿನಲ್ಲಿ ಒಲೆಯ ಬೆಂಕಿಗೆ ಸುಟ್ಟುಕೊಂಡ ಕಲೆ ಮೂವತ್ತು ನಲವತ್ತು ವರ್ಷ ಸುಮ್ಮನಿದ್ದು, ಆಮೇಲೆ ಅದರ ಮೇಲೆ ಹುಣ್ಣೆದ್ದು ಮಾಯದಿದ್ದರೆ ಅದನ್ನು ಪರೀಕ್ಷಿಸಲೇಬೇಕು. 1828ರಲ್ಲಿ ಫ್ರಾನ್ಸಿನ ಮಾರ್ಜೊಲಿನ್ ಎಂಬ ಶಸ್ತ್ರವೈದ್ಯರು ಇಂಥ ಕಲೆಗಳ ಮೇಲಿನ ಹುಣ್ಣುಗಳನ್ನು ವರ್ಣಿಸಿದ್ದರಿಂದ ಅವರ ಹೆಸರೇ ನಿಂತಿದೆ. ಸಕ್ಕರೆ ಕಾಯಿಲೆ ಇರುವ ನನ್ನ ಓರಗೆಯವರು ಕಾಲಿನ ಹುಣ್ಣನ್ನೆಲ್ಲ ಸಕ್ಕರೆಯ ಖಾತೆಗೇ ಜಮಾ ಮಾಡುತ್ತಾರೆ. ಹೆಚ್ಚಿನವು ಅದೇ ಖಾತೆಯವೇ. ಸಕ್ಕರೆ ಹತೋಟಿಯಲ್ಲಿದ್ದು, ದಿನಾ ಶುಚಿ ಮಾಡಿ ಕಟ್ಟಿದರೂ ಒಂದೆರಡು ತಿಂಗಳಲ್ಲಿ ಮಾಯುತ್ತಿಲ್ಲ, ಅಂಚು ದಪ್ಪಗಾಗುತ್ತಿದೆ, ಮುಟ್ಟಿದರೆ ರಕ್ತ ಬರುತ್ತಿದೆ ಎಂದರೆ ‘ಒಂದು ಚೂರು ಪರೀಕ್ಷೆಗೆ ಕಳಿಸಬೇಕಾ ಡಾಕ್ಟ್ರೇ?’ ಎಂದು ನೀವೇ ಕೇಳಬಹುದು.

ಮಕ್ಕಳೇ, ಇಲ್ಲಿ ನಿಮಗೊಂದು ಕೆಲಸ. ನನ್ನ ವಯಸ್ಸಿನವರಿಗೆ ಬಗ್ಗಿ ಅಂಗಾಲು ನೋಡಿಕೊಳ್ಳಲು ಸೊಂಟ ಬಿಡುವುದಿಲ್ಲ, ನೋಡಿದರೂ ಕಣ್ಣಿಗೆ ಕಾಣುವುದಿಲ್ಲ. ಈ ಭಾನುವಾರ ಅಜ್ಜಿ ತಾತ ಸ್ನಾನ ಮಾಡಿ ಬಂದ ಮೇಲೆ ಬೆಳಕಿನಲ್ಲಿ ಕೂರಿಸಿ ಅಂಗಾಲು, ಬೆರಳುಗಳ ಸಂದಿ, ಉಗುರು, ಅಂಗೈ ನೋಡಿ. ಕಪ್ಪು ಮಚ್ಚೆ ಇದ್ದರೆ ಅದರ ಒಂದು ಅರ್ಧ ಇನ್ನೊಂದು ಅರ್ಧಕ್ಕೆ ಹೊಂದುತ್ತದೆಯೇ? ಅಂಚು ದುಂಡಗಿದೆಯೋ, ಹರಿದ ಕಾಗದದಂತಿದೆಯೋ? ಒಂದೇ ಬಣ್ಣವೋ, ಎರಡು ಮೂರೋ? ಪೆನ್ಸಿಲಿನ ಹಿಂದಿನ ರಬ್ಬರಿಗಿಂತ, ಅಂದರೆ ಸುಮಾರು 6 ಮಿಲಿಮೀಟರಿಗಿಂತ ದೊಡ್ಡದೋ? ಉಗುರಿನಲ್ಲಿ ಹೊಸದಾಗಿ ಒಂದೇ ಕಪ್ಪು ಗೆರೆ ಎದ್ದು ಅಗಲವಾಗುತ್ತಿದೆಯೇ? ಪಕ್ಕದಲ್ಲಿ ಸ್ಕೇಲಿಟ್ಟು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ದಿನಾಂಕ ಬರೆದಿಡಿ. ಮುಂದಿನ ತಿಂಗಳು ಇನ್ನೊಂದು ತೆಗೆದು ತಾಳೆ ನೋಡಿ. ಬದಲಾವಣೆಯೇ ಎಲ್ಲಕ್ಕಿಂತ ದೊಡ್ಡ ಸುಳಿವು. ಅಂಗಾಲಿನಲ್ಲಿ ಮಚ್ಚೆ ಇದ್ದವರು ದೇಶ ಸುತ್ತುತ್ತಾರೆ ಎಂದು ಅಜ್ಜಿ ಹೇಳಿದರೆ ಹೂಂ ಅನ್ನಿ, ಫೋಟೊ ಮಾತ್ರ ತೆಗೆಯಿರಿ.

‘ಫೋನೇ ಹೇಳುತ್ತಲ್ಲ ತಾತ?’ ಎಂದು ನನ್ನ ಮೊಮ್ಮಗ ಕೇಳಿದ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1,29,450 ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ಚರ್ಮದ ಗಡ್ಡೆಗಳ ಪಾಠ ಹೇಳಿಕೊಟ್ಟರು. ಪರೀಕ್ಷೆಯಲ್ಲಿ ಅದು ಚರ್ಮ ವೈದ್ಯರಿಗೆ ಸಮನಾಗಿ ನಿಂತಿತು. ದೊಡ್ಡ ಸಾಧನೆಯೇ. ಆದರೆ ಕಂಪ್ಯೂಟರಿನ ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡಿದ್ದು ಯಾವುದರ ಜೊತೆ? ಬಯಾಪ್ಸಿ ವರದಿಯ ಜೊತೆ. ಇಂಥ ಯಂತ್ರಗಳಿಗೆ ಪಾಠಕ್ಕೆ ಸಿಗುವ ಚಿತ್ರಗಳಲ್ಲಿ ಬಿಳಿ ಚರ್ಮದವೇ ಹೆಚ್ಚು, ಮಣ್ಣು ತುಳಿದ ನಮ್ಮ ಹಿಮ್ಮಡಿಗಳ ಚಿತ್ರ ಎಷ್ಟಿದ್ದಾವು? ಫೋನು ‘ಏನೂ ಇಲ್ಲ’ ಎಂದಿತೆಂದು ಸುಮ್ಮನಾಗುವುದನ್ನು ನಾನಂತೂ ಒಪ್ಪುವುದಿಲ್ಲ.

ಕೊನೆಯದಾಗಿ ಕಾಗದಪತ್ರದ ಮಾತು, ಅದು ನನ್ನ ಹಳೆಯ ಕಸುಬು. ಮೈಯಿಂದ ಗಂಟನ್ನೋ ಮಚ್ಚೆಯನ್ನೋ ಎಲ್ಲೇ ತೆಗೆಸಿದರೂ, ತೆಗೆದದ್ದನ್ನು ಎಸೆಯದೆ ಪರೀಕ್ಷೆಗೆ ಕಳಿಸುತ್ತಾರೆಯೇ ಎಂದು ಮೊದಲೇ ಕೇಳಿ. ನರಹುಲಿ ಎಂದು ಕುದುರೆಕೂದಲು ಕಟ್ಟಿ ಉದುರಿಸುವುದು, ಸುಟ್ಟು ಹಾಕಿಸುವುದು ಬೇಡ. ಸುಟ್ಟದ್ದನ್ನು ಯಾವ ಪೆಥಾಲಜಿಸ್ಟೂ ಓದಲಾರರು. ವರದಿಯ ಮೂಲಪ್ರತಿಯನ್ನು ಪಾಸ್‌ಬುಕ್ಕಿನ ಜೊತೆ ಇಡಿ. ಅದರ ಮೇಲೆ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಮೇಣದ ಗಟ್ಟಿ ಪ್ರಯೋಗಾಲಯದ ಕಪಾಟಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬೆಂಗಳೂರಿನಲ್ಲಿ 1973ರಿಂದ ಇರುವ ನಮ್ಮ ಕಿದ್ವಾಯಿ ಆಸ್ಪತ್ರೆಗೋ ಇನ್ನೊಂದು ಕಡೆಗೋ ಹೋಗಬೇಕಾಗಿ ಬಂದರೆ, ‘ಬ್ಲಾಕ್ ಮತ್ತು ಸ್ಲೈಡ್ ಕೊಡಿ’ ಎಂದು ಕೇಳಿ ಪಡೆದು ಜೊತೆಯಲ್ಲಿ ಒಯ್ಯಿರಿ. ಇನ್ನೊಬ್ಬ ತಜ್ಞರು ಅದೇ ಗಟ್ಟಿಯಿಂದ ಹೊಸ ಹೆರೆ ತೆಗೆದು ನೋಡಬಹುದು. ಆ ಹಿರಿಯರ ಮಗ ಹೀಗೆಯೇ, ಮೇಣದ ಗಟ್ಟಿಯನ್ನು ಕರ್ಚೀಫಿನಲ್ಲಿ ಸುತ್ತಿ, ಬಿಸಿಲಿಗೆ ಕರಗಿಬಿಟ್ಟೀತೆಂದು ಕೊರಟಗೆರೆಯಿಂದ ಬೆಂಗಳೂರಿನವರೆಗೆ ಬಸ್ಸಿನ ನೆರಳಿನ ಕಡೆಯ ಸೀಟಿನಲ್ಲೇ ಕೂತು ಹೋದನಂತೆ.